ಒಕ್ಕಲುತನದ ದಿನ ತಪ್ಪದಿರಲಿ: ಗಣಕಯಂತ್ರದ ಕ್ಯಾಲೆಂಡರಿನ ಬಳಕೆ

(ಬೈಲಹೊಂಗಲ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಒಕ್ಕಲುತನದಲ್ಲಿ ಬೀಜ, ಗೊಬ್ಬರ, ನೀರು ಎಷ್ಟು ಮುಖ್ಯವೋ ಹೊತ್ತು ಕೂಡ ಅಷ್ಟೇ ಮುಖ್ಯ. ಬೀಜ ಗೊಬ್ಬರಗಳಿಗೆ ಹಣ ಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಮಾಡಲು ಬೇಕಾದದ್ದು ನೆನಪು. ಹಿಂದೆ ಒಂದು ಮನೆಯಲ್ಲಿ ನೆನಪಿಡಬೇಕಾದ ದಿನಗಳು ಕಡಿಮೆ ಇದ್ದವು. ಮಳೆಯ ನಕ್ಷತ್ರ, ಹಬ್ಬ ಹುಣ್ಣಿಮೆ, ಸಂತೆ, ಜಾತ್ರೆ ಇಷ್ಟು ಗೊತ್ತಿದ್ದರೆ ಸಾಕಾಗುತ್ತಿತ್ತು. ಇಂದು ಹಾಗಿಲ್ಲ. ಸಂಘದ ಸಾಲದ ಗಡುವು, ಬೆಳೆ ವಿಮೆಯ ಕೊನೆಯ ದಿನ, ದನಗಳ ಲಸಿಕೆ, ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಬಾಡಿಗೆ ಯಂತ್ರದ ಸರದಿ, ತರಬೇತಿಯ ದಿನ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಇವುಗಳಲ್ಲಿ ಒಂದು ತಪ್ಪಿದರೂ ಅದರ ಹಾನಿ ಕೈಯಿಂದಲೇ ಹೋಗುತ್ತದೆ.

ಈ ದಿನಗಳನ್ನು ಬರೆದಿಟ್ಟು, ಸಮಯಕ್ಕೆ ಸರಿಯಾಗಿ ಎಚ್ಚರಿಸುವ ಒಂದು ಸಾಧನ ಈಗಾಗಲೇ ಹೆಚ್ಚಿನ ಮನೆಗಳನ್ನು ಸೇರಿದೆ. ಅದೇ ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಇರುವ ಕ್ಯಾಲೆಂಡರ್. ಅನೇಕರು ಅದನ್ನು ಇಂದಿನ ತಾರೀಖು ನೋಡುವುದಕ್ಕಷ್ಟೇ ಬಳಸುತ್ತಾರೆ. ಅದನ್ನು ಹೊಲ ಮತ್ತು ದನದ ಕೊಟ್ಟಿಗೆಯ ಕೆಲಸಕ್ಕೆ ಹೇಗೆ ಹೂಡಬೇಕೆಂಬುದೇ ಈ ಭಾಷಣದ ವಿಷಯ.

ಒಂದು ಮನೆಯ ಉದಾಹರಣೆ

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಆರು ಎಕರೆ ಎರೆ ಜಮೀನಿನ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. ಮುಂಗಾರಿಗೆ ಸೋಯಾ ಅವರೆ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಕೊಟ್ಟಿಗೆಯಲ್ಲಿ ಒಂದು ಮಿಶ್ರತಳಿ ಆಕಳು, ಒಂದು ಎಮ್ಮೆ. ಹೊಲ ನೋಡಿಕೊಳ್ಳುವವರು ತಂದೆ, ದನ ನೋಡಿಕೊಳ್ಳುವವರು ತಾಯಿ. ಮಗ ಧಾರವಾಡದಲ್ಲಿ ಓದುತ್ತಾನೆ. ಮೊಬೈಲ್ ಚೆನ್ನಾಗಿ ಬಲ್ಲವನು ಅವನೇ.

ಜೂನ್ 10ರಂದು ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಿದರು. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಆಕಳು ಮತ್ತೆ ಬೆದೆಗೆ ಬರುತ್ತದೆ. ರಜೆಗೆ ಬಂದಿದ್ದ ಮಗ ತನ್ನ ಮೊಬೈಲಿನಲ್ಲಿ ಜುಲೈ 1ನೇ ತಾರೀಖಿಗೆ ಅದನ್ನು ಬರೆದುಕೊಂಡ. ಆ ದಿನ ಗಂಟೆ ಬಾರಿಸಿತು. ಆದರೆ ಬಾರಿಸಿದ್ದು ಧಾರವಾಡದ ಕಾಲೇಜಿನಲ್ಲಿ. ಪಾಠ ನಡೆದಿತ್ತು, ಮಗ ಅದನ್ನು ಒರೆಸಿ ಹಾಕಿದ. ಸಂಜೆಗೆ ಮರೆತ. ಕೊಟ್ಟಿಗೆಯಲ್ಲಿ ಬೆದೆ ಬಂದು ಹೋಯಿತು. ಮೂರು ವಾರದ ಮೇವು, ಹಿಂಡಿ ವ್ಯರ್ಥವಾಯಿತು, ಹಾಲು ಬರುವ ದಿನವೂ ಮೂರು ವಾರ ಮುಂದೆ ಹೋಯಿತು. “ಗಂಟಿ ಧಾರವಾಡದಾಗ ಬಾರಿಸಿದರ ಕೊಟಗಿಯಾಗ ಯಾರಿಗೆ ಕೇಳಸ್ತೈತಿ?” ಎಂದು ತಾಯಿ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿ ಯಂತ್ರ ತನ್ನ ಕೆಲಸ ಮಾಡಿದೆ. ಮಗನೂ ದಿನವನ್ನು ಬರೆದಿದ್ದಾನೆ. ತಪ್ಪಿದ್ದು ಒಂದೇ. ಕೆಲಸ ಒಬ್ಬರದು, ಎಚ್ಚರಿಕೆ ಹೋದದ್ದು ಇನ್ನೊಬ್ಬರಿಗೆ. ಆದುದರಿಂದ ಕ್ಯಾಲೆಂಡರ್ ಬಳಸುವವರು ಎರಡು ಮಾತುಗಳನ್ನು ಗಟ್ಟಿಯಾಗಿ ಹಿಡಿಯಬೇಕು. ಒಂದು, ದಿನ ಎಣಿಸಬೇಕಾದದ್ದು ಕೆಲಸ ಮಾಡಿದ ದಿನದಿಂದ. ಎರಡು, ಎಚ್ಚರಿಕೆ ತಲುಪಬೇಕಾದದ್ದು ಆ ಕೆಲಸ ಮಾಡುವವರ ಕೈಗೆ.

ದಿನ ಬರೆಯುವ ಕ್ರಮ

ಬಳಕೆಯಲ್ಲಿರುವ ಕ್ಯಾಲೆಂಡರುಗಳು ಹಲವು. ಗೂಗಲ್ ಕ್ಯಾಲೆಂಡರ್ 2006ರಲ್ಲಿ ಬಂದಿತು. ಮೈಕ್ರೋಸಾಫ್ಟ್ ಔಟ್‌ಲುಕ್, ಥಂಡರ್‌ಬರ್ಡ್ ಮುಂತಾದವುಗಳಲ್ಲಿಯೂ ಕ್ಯಾಲೆಂಡರ್ ಇದೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದಲು ಬರುವಂತೆ 1998ರಲ್ಲಿ ಐಕ್ಯಾಲೆಂಡರ್ ಎಂಬ ಸಾಮಾನ್ಯ ಕ್ರಮವನ್ನು ಗೊತ್ತುಪಡಿಸಲಾಗಿದೆ. ಹೀಗಾಗಿ ಯಾವುದನ್ನು ಆರಿಸಿಕೊಂಡರೂ ಬಳಸುವ ರೀತಿ ಹೆಚ್ಚುಕಡಿಮೆ ಒಂದೇ.

1. ಕ್ಯಾಲೆಂಡರ್ ತೆರೆದು ಬೇಕಾದ ತಾರೀಖನ್ನು ಒತ್ತಬೇಕು ಅಥವಾ ಕೂಡಿಸುವ ಗುರುತನ್ನು ಒತ್ತಬೇಕು.

2. ಕೆಲಸದ ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕು. “ಆಕಳು” ಎಂದಷ್ಟೇ ಬರೆದರೆ ಮೂರು ತಿಂಗಳ ನಂತರ ಅರ್ಥವಾಗದು. “ಕೆಂಪು ಆಕಳು, ಗಬ್ಬ ಪರೀಕ್ಷೆ” ಎಂದು ಪೂರ್ತಿ ಬರೆಯಬೇಕು. ಬೆರಳಚ್ಚು ಬಾರದವರು ಮೈಕಿನ ಗುರುತು ಒತ್ತಿ ಮಾತಿನಿಂದಲೂ ಬರೆಸಬಹುದು.

3. ಒಂದು ಗೊತ್ತಾದ ಗಂಟೆಯ ಕೆಲಸವಾದರೆ ಗಂಟೆಯನ್ನು, ಇಲ್ಲದಿದ್ದರೆ “ಇಡೀ ದಿನ” ಎಂಬುದನ್ನು ಆರಿಸಬೇಕು. ಹಲವು ದಿನ ನಡೆಯುವ ಕೆಲಸಕ್ಕೆ ಮೊದಲ ದಿನ ಮತ್ತು ಕೊನೆಯ ದಿನ ಎರಡನ್ನೂ ಕೊಡಬಹುದು.

4. ಎಚ್ಚರಿಕೆ ಯಾವಾಗ ಬರಬೇಕೆಂಬುದನ್ನು ಗೊತ್ತುಪಡಿಸಬೇಕು. ಒಂದೇ ಕೆಲಸಕ್ಕೆ ಎರಡು ಮೂರು ಎಚ್ಚರಿಕೆ ಇಡಬಹುದು. ಇಡೀ ದಿನದ ಕೆಲಸಕ್ಕೆ ಯಂತ್ರ ತಾನಾಗಿ ಇಟ್ಟಿರುವ ಎಚ್ಚರಿಕೆಯ ಹೊತ್ತು ರೈತರಿಗೆ ಒಗ್ಗದೇ ಇರಬಹುದು. ಅದನ್ನು ಬದಲಾಯಿಸಿ ಬೆಳಗಿನ 6 ಗಂಟೆಗೋ ಹಿಂದಿನ ದಿನದ ಸಂಜೆ 7 ಗಂಟೆಗೋ ಇಟ್ಟುಕೊಳ್ಳುವುದು ಒಳ್ಳೆಯದು.

5. ಮತ್ತೆ ಮತ್ತೆ ಬರುವ ಕೆಲಸವಾದರೆ “ಪುನರಾವರ್ತನೆ” ಎಂಬುದನ್ನು ಆರಿಸಬೇಕು. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಥವಾ ಇಂತಿಷ್ಟು ದಿನಕ್ಕೊಮ್ಮೆ ಎಂದು ಕೊಡಬಹುದು.

6. ಕೊನೆಗೆ ಉಳಿಸುವ ಗುಂಡಿ ಒತ್ತಬೇಕು. ಇದನ್ನು ಮರೆತರೆ ಬರೆದದ್ದೆಲ್ಲ ಹೋಗುತ್ತದೆ.

ದನಗಳ ಲೆಕ್ಕ

ಕ್ಯಾಲೆಂಡರಿನ ಪ್ರಯೋಜನ ಕೊಟ್ಟಿಗೆಯಲ್ಲಿ ಬೇಗ ಕಾಣುತ್ತದೆ. ಆಕಳಿನ ಎಲ್ಲಾ ದಿನಗಳೂ ಗರ್ಭಧಾರಣೆ ಮಾಡಿಸಿದ ಒಂದು ದಿನದಿಂದ ಎಣಿಕೆಯಾಗುತ್ತವೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡು, ಗರ್ಭಧಾರಣೆ ಮಾಡಿಸಿದ್ದು 2025ರ ಜೂನ್ 10 ಎಂದು ಹಿಡಿದರೆ ಹೀಗೆ ಬರೆಯಬೇಕಾಗುತ್ತದೆ.

ಜೂನ್ 28 ರಿಂದ ಜುಲೈ 4ರವರೆಗೆ: ಬೆದೆಯ ಲಕ್ಷಣ ನೋಡುವುದು. 21ನೆಯ ದಿನ ಒಂದನ್ನೇ ಬರೆದರೆ ಸಾಲದು, ಏಕೆಂದರೆ ಬೆದೆ ಎರಡು ಮೂರು ದಿನ ಹಿಂದೆಮುಂದೆ ಆಗುವುದುಂಟು. ದಿನಕ್ಕೆ ಎರಡು ಬಾರಿ, ಬೆಳಗ್ಗೆ ಮತ್ತು ಸಂಜೆ ಎಚ್ಚರಿಕೆ ಇಡಬೇಕು.

ಸೆಪ್ಟೆಂಬರ್ 8: ತೊಂಬತ್ತು ದಿನ. ಪಶುವೈದ್ಯರಿಂದ ಗಬ್ಬ ಪರೀಕ್ಷೆ.

2026ರ ಜನವರಿ 16: ಹಾಲು ಬತ್ತಿಸುವುದು. ಈಯುವ ಮುನ್ನ ಎರಡು ತಿಂಗಳು ಕೆಚ್ಚಲಿಗೆ ಬಿಡುವು ಕೊಟ್ಟರೆ ಮುಂದಿನ ಸೂಲಿನಲ್ಲಿ ಹಾಲು ಚೆನ್ನಾಗಿ ಬರುತ್ತದೆ.

2026ರ ಮಾರ್ಚ್ 17ರ ಸುಮಾರಿಗೆ: ಈಯುವ ದಿನ. ಆಕಳಿನ ಗಬ್ಬದ ಅವಧಿ ಸುಮಾರು 280 ದಿನ. ಎಮ್ಮೆಗಾದರೆ ಸುಮಾರು 310 ದಿನ ಹಿಡಿಯಬೇಕು. ಒಂದು ವಾರ ಮೊದಲೇ ಎಚ್ಚರಿಕೆ ಇರಬೇಕು.

ಕರು ಹುಟ್ಟಿದ ದಿನ ಮತ್ತೊಂದು ಎಣಿಕೆ ಆರಂಭವಾಗುತ್ತದೆ. ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್ ರೋಗದ ಲಸಿಕೆಯನ್ನು ಹೆಣ್ಣುಗರುವಿಗೆ 4 ರಿಂದ 8 ತಿಂಗಳ ಒಳಗೆ, ಜೀವಮಾನದಲ್ಲಿ ಒಂದೇ ಬಾರಿ ಹಾಕಿಸಬೇಕು. ಈ ನಾಲ್ಕು ತಿಂಗಳ ಕಿಂಡಿ ದಾಟಿದರೆ ಆ ಅವಕಾಶ ಮತ್ತೆ ಬರುವುದಿಲ್ಲ. ಮಾರ್ಚ್ 17ರಂದು ಹೆಣ್ಣುಗರು ಹುಟ್ಟಿದರೆ ಜುಲೈ 17 ರಿಂದ ನವೆಂಬರ್ 17ರ ಒಳಗೆ ಲಸಿಕೆ ಆಗಬೇಕು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಆಗಬೇಕು. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಎರಡೂ ಲಸಿಕೆಗಳು ಸೇರಿವೆ. ಲಸಿಕೆ ಹಾಕುವವರು ಹಳ್ಳಿಗೆ ಬಂದಾಗ ದನ ಮೇಯಲು ಹೋಗಿದ್ದರೆ ಪ್ರಯೋಜನವಿಲ್ಲ. ಪಶು ಆಸ್ಪತ್ರೆಯಿಂದ ದಿನ ತಿಳಿದ ಕೂಡಲೇ ಬರೆದಿಟ್ಟರೆ ಆ ದಿನ ದನಗಳನ್ನು ಮನೆಯಲ್ಲಿಯೇ ಕಟ್ಟಬಹುದು.

ಬೆಳೆಯ ಲೆಕ್ಕ

ಬೆಳೆಗೆ ಕ್ಯಾಲೆಂಡರ್ ಬಳಸುವಾಗ ಒಂದು ಎಚ್ಚರ ಅಗತ್ಯ. ಯಂತ್ರಕ್ಕೆ ತಾರೀಖು ಗೊತ್ತು, ಮಳೆ ಗೊತ್ತಿಲ್ಲ. ಎರೆ ಭೂಮಿಯಲ್ಲಿ ಹಸಿ ನೋಡಿ ಕೂರಿಗೆ ಹೂಡುವುದು ರೈತರ ಕಣ್ಣಿನ ಕೆಲಸ. ಆದುದರಿಂದ ಬಿತ್ತನೆಗೆ ಒಂದು ದಿನವನ್ನು ನಿಗದಿ ಮಾಡದೆ, ಬಿತ್ತಬಹುದಾದ ಅವಧಿಯನ್ನು ಹಲವು ದಿನದ ಕೆಲಸವೆಂದು ಬರೆಯಬೇಕು. ಮುಂದಿನ ಕೆಲಸಗಳನ್ನು ಬಿತ್ತನೆಗೆ ಮೊದಲೇ ಬರೆದಿಟ್ಟರೆ, ಬಿತ್ತನೆ ಹತ್ತು ದಿನ ತಡವಾದಾಗ ಅವು ತಾವಾಗಿ ಮುಂದೆ ಸರಿಯುವುದಿಲ್ಲ. ಒಂದೊಂದನ್ನೂ ಕೈಯಿಂದ ತಿದ್ದಬೇಕಾಗುತ್ತದೆ. ಬಿತ್ತಿದ ಸಂಜೆ ಮನೆಗೆ ಬಂದು, ಆ ದಿನದಿಂದ ಎಣಿಸಿ ಬರೆಯುವುದೇ ಸರಿಯಾದ ಕ್ರಮ.

ಅಕ್ಟೋಬರ್ 15ರಂದು ಜೆಜಿ–11 ಕಡಲೆ ಬಿತ್ತಿದರೆಂದು ತಿಳಿಯೋಣ. ನವೆಂಬರ್ 14ಕ್ಕೆ 30 ದಿನ. ಅಂದಿನಿಂದ ಕುಡಿ ಚಿವುಟುವ ಕೆಲಸ. ನವೆಂಬರ್ 29ಕ್ಕೆ 45 ದಿನ. ಹೂ ಬಿಡುವ ಈ ಹೊತ್ತಿನಿಂದ ಕಾಯಿಕೊರಕ ಕೀಡೆಯ ಕಾಟ ನೋಡಬೇಕು. ಇದಕ್ಕೆ ನಾಲ್ಕು ದಿನಕ್ಕೊಮ್ಮೆ ಎಂದು ಪುನರಾವರ್ತನೆ ಕೊಟ್ಟು, ಜನವರಿ ಮೊದಲ ವಾರಕ್ಕೆ ಅದು ನಿಲ್ಲುವಂತೆ ಮಾಡಬಹುದು. ಕೀಡೆ ಸಣ್ಣದಿದ್ದಾಗ ಕಂಡರೆ ಹತೋಟಿ ಸುಲಭ, ದೊಡ್ಡದಾದ ಮೇಲೆ ಔಷಧಿಯೂ ಹೆಚ್ಚು, ಹಾನಿಯೂ ಹೆಚ್ಚು. ಈ ತಳಿ ಸುಮಾರು 95 ರಿಂದ 100 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಜನವರಿ 23ಕ್ಕೆ 100 ದಿನ ತುಂಬುತ್ತವೆ. ಕೊಯ್ಲಿನ ಕೂಲಿ ಆಳುಗಳಿಗೆ ಒಂದು ವಾರ ಮೊದಲು ಹೇಳಿಡಲು ಎಚ್ಚರಿಕೆ ಇಡಬೇಕು.

ಕೀಟನಾಶಕ ಸಿಂಪಡಿಸಿದ ದಿನವನ್ನೂ ಔಷಧಿಯ ಹೆಸರನ್ನೂ ಬರೆಯುವುದು ಬಹಳ ಮುಖ್ಯ. ಔಷಧಿಯ ಚೀಟಿಯಲ್ಲಿ ಕೊಯ್ಲಿಗೆ ಮೊದಲು ಎಷ್ಟು ದಿನ ಕಾಯಬೇಕೆಂದು ಮುದ್ರಿಸಿರುತ್ತಾರೆ. ಅಷ್ಟು ದಿನ ಎಣಿಸಿ “ಇದಕ್ಕೆ ಮೊದಲು ಕೊಯ್ಯಬಾರದು” ಎಂದು ಬರೆದಿಟ್ಟರೆ ಕಾಯಿಪಲ್ಲೆ ತಿನ್ನುವವರ ಆರೋಗ್ಯ ಉಳಿಯುತ್ತದೆ.

ಕೃಷಿ ಹವಾಮಾನ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ ಹೊರಬೀಳುತ್ತದೆ. ಆ ಎರಡು ವಾರಗಳ ಸಂಜೆಗೆ ಒಂದು ಎಚ್ಚರಿಕೆ ಇಟ್ಟು, ಸಲಹೆ ಓದಿದ ಮೇಲೆ ಮುಂದಿನ ಮೂರು ದಿನದ ಸಿಂಪರಣೆ, ಎಡೆ ಹೊಡೆಯುವುದು ಮುಂತಾದ ಕೆಲಸಗಳನ್ನು ಹಿಂದೆಮುಂದೆ ಮಾಡಿಕೊಳ್ಳಬೇಕು.

ಹಣದ ಗಡುವು

ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯ ರಿಯಾಯಿತಿ ದೊರೆಯುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ. ಗಡುವು ದಾಟಿದರೆ ವರ್ಷವಿಡೀ ಕಾಯ್ದ ಸೌಲಭ್ಯ ಕೈಬಿಡುತ್ತದೆ. ಈ ದಿನವನ್ನು ಅಂದಾಜಿನಿಂದ ಬರೆಯಬಾರದು. ಸಾಲ ಪಡೆದ ದಿನವೇ ಸಂಘದ ಕಾರ್ಯದರ್ಶಿಯವರನ್ನು ಕೇಳಿ, ಪಾಸ್ ಪುಸ್ತಕ ನೋಡಿ ಬರೆಯಬೇಕು. ಎಚ್ಚರಿಕೆ ಎರಡು ಇರಲಿ. ತಿಂಗಳು ಮೊದಲು ಒಂದು, ವಾರ ಮೊದಲು ಇನ್ನೊಂದು. ಹಿಂದಿನ ದಿನ ಗಂಟೆ ಬಾರಿಸಿದರೆ ಹಣ ಎಲ್ಲಿಂದ ಬರಬೇಕು? ತಿಂಗಳು ಮೊದಲೇ ಗೊತ್ತಾದರೆ ಮನೆಯಲ್ಲಿರುವ ಕಾಳನ್ನು ಒಳ್ಳೆಯ ಧಾರಣೆ ನೋಡಿ ಮಾರಲು ಸಮಯ ಸಿಗುತ್ತದೆ.

ಬೆಳೆ ವಿಮೆಯ ಕೊನೆಯ ದಿನ ಬೆಳೆಯಿಂದ ಬೆಳೆಗೆ ಬೇರೆ ಬೇರೆ. ಆದ್ದರಿಂದ ಕಳೆದ ವರ್ಷದ ತಾರೀಖನ್ನು ನಂಬದೆ, ಪ್ರತಿ ಹಂಗಾಮಿನ ಪ್ರಕಟಣೆ ಬಂದ ಕೂಡಲೇ ಬರೆಯಬೇಕು. ಸಾಲ ಪಡೆದ ರೈತರಿಗೆ 2020ರ ಮುಂಗಾರಿನಿಂದ ವಿಮೆ ಐಚ್ಛಿಕವಾಗಿದೆ. ಬೇಡವೆನ್ನುವವರು ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದು ಕೊಡಬೇಕು. ಆಲಿಕಲ್ಲು ಮಳೆ ಬಿದ್ದು ಅಥವಾ ಹೊಲದಲ್ಲಿ ನೀರು ನಿಂತು ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದಕ್ಕೆ ಮುಂಚಿತವಾಗಿ ತಾರೀಖು ಬರೆಯಲಾಗದು. ಆದರೆ ವಿಮೆಯ ಕಂತು ತುಂಬಿದ ದಿನದ ಟಿಪ್ಪಣಿಯಲ್ಲಿ ಅರ್ಜಿಯ ಸಂಖ್ಯೆಯನ್ನೂ ಯಾರಿಗೆ ಕರೆ ಮಾಡಬೇಕೆಂಬುದನ್ನೂ ಬರೆದಿಟ್ಟರೆ ಆ ಗಾಬರಿಯಲ್ಲಿ ಹುಡುಕುವುದು ತಪ್ಪುತ್ತದೆ.

ನಕ್ಷತ್ರ, ಹುಣ್ಣಿಮೆ ಮತ್ತು ಯಂತ್ರ

ಪುನರಾವರ್ತನೆ ಕೊಡುವಾಗ ಒಂದು ಸೂಕ್ಷ್ಮ ತಿಳಿದಿರಬೇಕು. ಮಳೆಯ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುತ್ತವೆ. ಮೃಗಶಿರ ಜೂನ್ ಮೊದಲ ವಾರದ ಕೊನೆಗೆ, ಹಸ್ತ ಸೆಪ್ಟೆಂಬರ್ ಕೊನೆಗೆ ಪ್ರತಿ ವರ್ಷವೂ ಹೂಡುತ್ತವೆ. ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಹಾಗಾಗಿ ಇವುಗಳಿಗೆ ವರ್ಷಕ್ಕೊಮ್ಮೆ ಎಂದು ಕೊಡಬಹುದು. ಕಿತ್ತೂರು ಉತ್ಸವವೂ 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಅದೇ ತಾರೀಖಿನಂದು ಆರಂಭವಾಗುವುದರಿಂದ ಅದಕ್ಕೂ ಇದೇ ಕ್ರಮ ಸರಿ.

ಆದರೆ ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ, ಚರಗ ಚೆಲ್ಲುವ ಎಳ್ಳಮಾವಾಸ್ಯೆ, ಸವದತ್ತಿ ಯಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆಯ ಜಾತ್ರೆ ಇವೆಲ್ಲ ಚಂದ್ರನನ್ನು ಅನುಸರಿಸುತ್ತವೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಆದ್ದರಿಂದ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದೆ ಹೋಗುತ್ತದೆ. 2025ರಲ್ಲಿ ಜೂನ್ ಎರಡನೆಯ ವಾರದಲ್ಲಿ ಬಿದ್ದ ಕಾರ ಹುಣ್ಣಿಮೆ, ಅಧಿಕ ಜ್ಯೇಷ್ಠವಿರುವ 2026ರಲ್ಲಿ ಜೂನ್ ಕೊನೆಗೆ ಬೀಳುತ್ತದೆ. ಇಂಥ ದಿನಗಳಿಗೆ ವರ್ಷಕ್ಕೊಮ್ಮೆ ಎಂದು ಕೊಟ್ಟರೆ ಯಂತ್ರ ತಪ್ಪು ದಿನಕ್ಕೆ ಎಚ್ಚರಿಸುತ್ತದೆ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಒಂದು ಗಂಟೆ ಕುಳಿತು ಆ ವರ್ಷದ ಹಬ್ಬಗಳನ್ನು ಬರೆಯುವುದು ಸರಿ. ಹಬ್ಬದ ದಿನ ಆಳುಗಳು ಸಿಗುವುದಿಲ್ಲವೆಂಬುದು ರೈತರಿಗೆ ಗೊತ್ತಿರುವ ಮಾತು. ಕೊಯ್ಲಿನ ದಿನ ಗೊತ್ತುಮಾಡುವಾಗ ಇದು ಉಪಯೋಗಕ್ಕೆ ಬರುತ್ತದೆ. ಧಾರವಾಡದ ಕೃಷಿ ಮೇಳದ ದಿನಗಳೂ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರಕಟಣೆ ನೋಡಿ ಬರೆಯಬೇಕು.

ಇನ್ನೊಂದು ಮಾತು. ತಿಂಗಳಿಗೊಮ್ಮೆ ಬರುವ ಕೆಲಸವನ್ನು 31ನೇ ತಾರೀಖಿಗೆ ಇಟ್ಟರೆ, ಆ ತಾರೀಖು ಇಲ್ಲದ ತಿಂಗಳುಗಳನ್ನು ಹಲವು ಕ್ಯಾಲೆಂಡರುಗಳು ಬಿಟ್ಟುಬಿಡುತ್ತವೆ. ಇಂಥ ಕೆಲಸವನ್ನು 28ನೇ ತಾರೀಖಿಗೆ ಇಡುವುದು ಕ್ಷೇಮ.

ಹಂಚಿಕೊಂಡು ಬಳಸುವುದು

ಈಗ ಉದಾಹರಣೆಯ ಮನೆಗೆ ಮರಳೋಣ. ಆ ಮನೆಯಲ್ಲಿ “ದನ”, “ಹೊಲ”, “ಹಣ” ಎಂದು ಮೂರು ಬೇರೆ ಬೇರೆ ಬಣ್ಣದ ಕ್ಯಾಲೆಂಡರ್ ಮಾಡಬಹುದು. “ದನ” ಎಂಬುದನ್ನು ತಾಯಿಯ ಮೊಬೈಲಿಗೆ, “ಹೊಲ” ಎಂಬುದನ್ನು ತಂದೆಯ ಮೊಬೈಲಿಗೆ ಹಂಚಬೇಕು. “ಹಣ” ಇಬ್ಬರಿಗೂ ಇರಲಿ. ಹಂಚುವ ಏರ್ಪಾಡನ್ನು ಗಣಕಯಂತ್ರದಲ್ಲಿ ಮಾಡುವುದು ಸುಲಭ. ಮಗ ರಜೆಗೆ ಬಂದಾಗ ಒಮ್ಮೆ ಮಾಡಿಕೊಟ್ಟರೆ ಸಾಕು. ಆಮೇಲೆ ಅವನು ಧಾರವಾಡದಲ್ಲಿದ್ದೇ ಬರೆದರೂ ಗಂಟೆ ಮನೆಯಲ್ಲಿ ಬಾರಿಸುತ್ತದೆ. ಎಚ್ಚರಿಕೆಯ ಹೊತ್ತನ್ನು ಮಾತ್ರ ಆಯಾ ಮೊಬೈಲಿನಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕು. ತಾಯಿಯ ಹತ್ತಿರ ಬೇರೆ ಮೊಬೈಲ್ ಇಲ್ಲದಿದ್ದರೆ, ತಿಂಗಳ ಹಾಳೆಯನ್ನು ಮುದ್ರಿಸಿ ಕೊಟ್ಟಿಗೆಯ ಗೋಡೆಗೆ ಅಂಟಿಸಬೇಕು. ಓದು ಬಾರದವರಿಗೆ ಆಕಳು, ಎಮ್ಮೆಯ ಗುರುತು ಹಾಕಿದರೂ ತಿಳಿಯುತ್ತದೆ.

ಸಹಕಾರ ಸಂಘ ಅಥವಾ ರೈತ ಉತ್ಪಾದಕ ಸಂಸ್ಥೆಗಳು ಬಾಡಿಗೆ ಯಂತ್ರಗಳ ಸರದಿಗೆ ಇದನ್ನೇ ಬಳಸಬಹುದು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರ ಒದಗಿಸುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಒಂದೊಂದು ಯಂತ್ರಕ್ಕೆ ಒಂದೊಂದು ಕ್ಯಾಲೆಂಡರ್ ಇಟ್ಟು, ರೈತರ ಹೆಸರು, ಹೊಲ, ಗಂಟೆ ಬರೆಯಬೇಕು. ಒಂದೇ ಹೊತ್ತಿಗೆ ಇಬ್ಬರ ಹೆಸರು ಬಿದ್ದರೆ ಪರದೆಯ ಮೇಲೆ ಅಕ್ಕಪಕ್ಕ ಕಾಣುತ್ತವೆ. ಸಾಮಾನ್ಯ ಕ್ಯಾಲೆಂಡರ್ ಅದನ್ನು ತಡೆಯುವುದಿಲ್ಲ, ತೋರಿಸುತ್ತದೆ ಅಷ್ಟೇ. ಸರಿಪಡಿಸಬೇಕಾದವರು ಮನುಷ್ಯರೇ. ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವ ಹೊತ್ತನ್ನೂ ನಡುವೆ ಬಿಡಬೇಕು. ಬರೆಯುವ ಅಧಿಕಾರ ಒಬ್ಬಿಬ್ಬರಿಗೆ ಇರಲಿ, ನೋಡುವ ಅವಕಾಶ ಎಲ್ಲರಿಗೂ ಇರಲಿ. ಸರದಿ ಎಲ್ಲರಿಗೂ ಕಂಡರೆ ಬಿತ್ತನೆಯ ಗಡಿಬಿಡಿಯಲ್ಲಿ ಮನಸ್ತಾಪ ಕಡಿಮೆಯಾಗುತ್ತದೆ.

ಕೆಲವು ಎಚ್ಚರಿಕೆಗಳು

1. ಮೊಬೈಲಿಗೆ ಒಮ್ಮೆ ಬಂದು ಸೇರಿದ ದಿನ ನೆಟ್‌ವರ್ಕ್ ಇಲ್ಲದಿದ್ದರೂ ಎಚ್ಚರಿಸುತ್ತದೆ. ಆದರೆ ಬೇರೆಯವರು ಮಾಡಿದ ಹೊಸ ಬದಲಾವಣೆ ನೆಟ್‌ವರ್ಕ್ ಬಂದ ಮೇಲೆಯೇ ತಲುಪುತ್ತದೆ.

2. ಮೊಬೈಲಿನ ಸದ್ದು ಅಡಗಿಸಿದ್ದರೆ ಅಥವಾ ಚಾರ್ಜ್ ಇಲ್ಲದಿದ್ದರೆ ಎಚ್ಚರಿಕೆ ಕೇಳಿಸದು. ಪ್ರತಿ ಬೆಳಗ್ಗೆ ಚಹಾ ಕುಡಿಯುವಾಗ ಆ ದಿನದ ಪುಟವನ್ನು ಒಮ್ಮೆ ನೋಡುವ ರೂಢಿ ಬೆಳೆಸಿಕೊಳ್ಳಬೇಕು.

3. ಆಧಾರ್ ಸಂಖ್ಯೆ, ಬ್ಯಾಂಕಿನ ಗುಪ್ತ ಸಂಖ್ಯೆ, ಒಟಿಪಿ ಇವನ್ನು ಕ್ಯಾಲೆಂಡರಿನಲ್ಲಿ ಬರೆಯಬಾರದು.

4. ಗುರುತಿಲ್ಲದವರಿಂದ ಬಹುಮಾನ, ಸಬ್ಸಿಡಿ ಎಂದು ಬರುವ ಆಹ್ವಾನಗಳು ಕ್ಯಾಲೆಂಡರಿನಲ್ಲಿ ಕಾಣಿಸಿಕೊಳ್ಳುವುದುಂಟು. ಅದರೊಳಗಿನ ಕೊಂಡಿ ಒತ್ತದೆ ಅಳಿಸಿ ಹಾಕಬೇಕು.

5. ಕೆಲಸ ಮುಗಿದ ಮೇಲೆ ದಿನವನ್ನು ಅಳಿಸಬಾರದು. “ಆಯಿತು” ಎಂದು ಬರೆದು, ಖರ್ಚು ಮತ್ತು ಇಳುವರಿಯನ್ನು ಅದರಲ್ಲಿಯೇ ನಮೂದಿಸಬೇಕು. ವರ್ಷ ಕಳೆದರೆ ಅದೇ ಹೊಲದ ದಾಖಲೆಯಾಗುತ್ತದೆ. ಯಾವ ಹೊತ್ತಿಗೆ ಬಿತ್ತಿದಾಗ ಕಡಲೆ ಚೆನ್ನಾಗಿ ಬಂದಿತೆಂಬುದನ್ನು ಅದು ಹೇಳುತ್ತದೆ.

ರೈತ ಬಾಂಧವರೇ, ಎಲ್ಲವನ್ನೂ ಒಂದೇ ದಿನ ಬರೆಯುವ ಅಗತ್ಯವಿಲ್ಲ. ಮೊದಲು ಮೂರೇ ದಿನಗಳನ್ನು ಬರೆಯಿರಿ: ಸಾಲದ ಗಡುವು, ದನಗಳ ಮುಂದಿನ ಲಸಿಕೆ, ಹೊಲದಲ್ಲಿರುವ ಬೆಳೆಯ ಮುಂದಿನ ಕೆಲಸ. ಬರೆಯಲು ತೊಡಕಾದರೆ ಮನೆಯ ಓದುವ ಮಕ್ಕಳ ನೆರವು ಪಡೆಯಿರಿ. ಬೆಳೆ ಮತ್ತು ದನಗಳ ದಿನಗಳ ಬಗ್ಗೆ ಸಂಶಯವಿದ್ದರೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನೋ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಪಶು ಆಸ್ಪತ್ರೆಯನ್ನೋ ವಿಚಾರಿಸಿರಿ. ಕೆಲಸ ಮಾಡಿದ ದಿನವನ್ನು ಅಂದೇ ಬರೆಯಿರಿ, ಎಚ್ಚರಿಕೆಯನ್ನು ಆ ಕೆಲಸ ಮಾಡುವವರ ಕೈಗೆ ಮುಟ್ಟಿಸಿರಿ. ಇಷ್ಟಾದರೆ ಮುಂದಿನ ಬಾರಿ ಗಂಟೆ ಬಾರಿಸುವುದು ಕೊಟ್ಟಿಗೆಯಲ್ಲಿ, ಆಕಳು ಕಣ್ಣ ಮುಂದೆ ಇರುವಾಗಲೇ.